ಪಿಯಾನೊಕ್ಕೆ ಮೀನೆಣ್ಣೆ

ಮಕ್ಕಳಿಗೆ ಪಿಯಾನೊ ಕಲಿಸುವವಳು ಎಂದ ಕೂಡಲೇ ಜನ ನನ್ನನ್ನು ಅಟ್ಟಕ್ಕೇರಿಸಿಬಿಡುತ್ತಾರೆ. ನಿಜ ಹೇಳಿಬಿಡುತ್ತೇನೆ: ನನಗೆ ಬರುವುದು ಮಕ್ಕಳಿಗೆ ಕಲಿಸುವಷ್ಟೇ. ಎಂಟು ವರ್ಷ ದಾಟಿದ ಶಿಷ್ಯರು ನನ್ನನ್ನೇ ದಾಟಿ ಹೋಗುತ್ತಾರೆ. ಅದಕ್ಕೇ ನಾನು ಆರೇಳು ವರ್ಷದವರನ್ನೇ ಸೇರಿಸಿಕೊಳ್ಳುವುದು. ಆ ವಯಸ್ಸಿನ ಕೈಯಲ್ಲಿ ಉಂಗುರದ ಬೆರಳಿನಷ್ಟು ಮೈಗಳ್ಳ ಇನ್ನೊಂದಿಲ್ಲ. ಮೇಲೆ ಏಳು ಎಂದರೆ ಪಕ್ಕದ ಕಿರುಬೆರಳನ್ನೂ ಕರೆದುಕೊಂಡೇ ಏಳುತ್ತದೆ.

ಕಾರವಾರ ಬಿಟ್ಟುಹೊರಟ ಕುಟುಂಬವೊಂದರಿಂದ ಕೊಂಡ ಆ ಹಳೇ ಪಿಯಾನೊ ಅಂಕೋಲೆಯ ನನ್ನ ಮನೆಗೆ ಬಂದದ್ದು ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟುತ್ತಿದ್ದ ಕಾಲದಲ್ಲಿ. ತಂಪು ದೇಶದವರು ಮಾಡಿದ ವಾದ್ಯ. ಒಳಗೆ ಇನ್ನೂರು ಚಿಲ್ಲರೆ ಉಕ್ಕಿನ ತಂತಿ, ಅವನ್ನು ಬಡಿಯಲು ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆಗಳು. ಉಣ್ಣೆಯನ್ನು ನಮ್ಮ ಸೆಕೆಗೂ ಉಕ್ಕನ್ನು ನಮ್ಮ ಉಪ್ಪುಗಾಳಿಗೂ ತಂದು ಕೂರಿಸಿದ ಪುಣ್ಯಾತ್ಮ ಯಾರೋ! ತಂತಿಗೆ ತುಕ್ಕು ಹಿಡಿಯುತ್ತಿದೆ ಎಂದು ಬಂದವರೆದುರೆಲ್ಲ ಗೋಳಾಡುವುದೇ ನನ್ನ ಕೆಲಸವಾಗಿತ್ತು. ಮೀನು ತರುವ ದೇವಮ್ಮನೂ ಆ ಗೋಳು ಕೇಳಿಸಿಕೊಂಡಿದ್ದಳು.

ದೇವಮ್ಮ ಬೇಲೆಕೇರಿಯವಳು. ರವಿವಾರ ಬುಟ್ಟಿಯ ಜೊತೆಗೆ ಏಳು ವರ್ಷದ ಮೊಮ್ಮಗಳು ಶ್ವೇತಾಳನ್ನೂ ತರುತ್ತಿದ್ದಳು. ಅಜ್ಜಿ ಓಣಿ ಸುತ್ತಿ ಬರುವವರೆಗೆ ಹುಡುಗಿ ನನ್ನ ಜಗಲಿಯಲ್ಲಿ. ಒಂದು ದಿನ ಒಳಗೆ ಕರೆದು ಪಿಯಾನೊದ ಮುಂದೆ ಕೂರಿಸಿದೆ. ಅಬ್ಬಾ, ಸಿಗಡಿ ಸುಲಿದು ಪಳಗಿದ ಕೈ! ಉಂಗುರದ ಬೆರಳು ಒಂಟಿಯಾಗಿ ಎದ್ದು ನಿಂತಿತು. ಮೂರು ತಿಂಗಳಲ್ಲಿ ಉಳಿದ ಏಳು ಮಕ್ಕಳನ್ನು ಹಿಂದೆ ಹಾಕಿದಳು. ಇವಳೊಬ್ಬಳನ್ನು ಮಾತ್ರ ಏನೇ ಆದರೂ ಕೈಬಿಡಬಾರದು ಎಂದುಕೊಂಡೆ.

"ಅವಳು ಮುಟ್ಟಿದ್ಮೇಲೆ ನಮ್ಮ ಮಗ ಮುಟ್ಟೂದಿಲ್ಲ ಅಂತಾನೆ. ವಾಸ್ನೆ ಅಂತೆ," ಎಂದು ಒಬ್ಬ ತಾಯಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಎಂಥೆಂಥವರು ಇರುತ್ತಾರಪ್ಪ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮುಂದಿನ ರವಿವಾರ ಕಾರವಾರದಲ್ಲಿ ನೆಂಟರ ಮದುವೆ. ಹುಡುಗಿಯ ಅಭ್ಯಾಸ ತಪ್ಪದಿರಲಿ ಎಂದು ಬೀಗದಕೈಯನ್ನು ದೇವಮ್ಮನಿಗೆ ಕೊಟ್ಟು ಹೋದೆ. ಸಂಜೆ ಬಂದವಳು ಬಾಗಿಲಲ್ಲೇ ಸ್ತಂಭೀಭೂತಳಾದೆ. ಪಿಯಾನೊದ ಮುಚ್ಚಳ ಹಾರುಹೊಡೆದಿದೆ. ಮರ ಮಿರಮಿರ ಮಿಂಚುತ್ತಿದೆ. ತಂತಿ, ಸುತ್ತಿಗೆ, ಉಣ್ಣೆ ಒಂದನ್ನೂ ಬಿಡದೆ ತಾರ್ಲೆ ಮೀನಿನ ಎಣ್ಣೆ ಮೆತ್ತಿ ದೇವಮ್ಮ ಕೈ ಒರೆಸಿಕೊಳ್ಳುತ್ತಿದ್ದಾಳೆ! ಓಣಿಯ ಬೆಕ್ಕುಗಳೆಲ್ಲ ಮೆಟ್ಟಿಲ ಮೇಲೆ ಹಾಜರು.

"ನಮ್ ದೋಣಿಗೂ ಇದೇ ಹಚ್ಚೂದು ಅಕ್ಕೋರೆ. ಇನ್ ಉಪ್ಪುಗಾಳಿ ಎಂತದೂ ಮಾಡೂದಿಲ್ಲ," ಎಂದಳು, ಖುಷಿಯಿಂದ.

ಪಿಯಾನೊದ ಬಿಳಿ ಪಟ್ಟಿಯೊಂದನ್ನು ಒತ್ತಿದೆ. ಪಿಚಕ್ ಎಂದಿತು. ಆಗ ನನ್ನ ಬಾಯಿಂದ ಬಂತು: "ಥೂ! ನಿಮ್ಮ ಮೈ ನಾತ ಸಾಲದು ಅಂತ ಇದಕ್ಕೂ ಹಚ್ಚಿದ್ಯಾ?"

ಎಣ್ಣೆ ಕಂಡು ಬೆಚ್ಚಿದ್ದಕ್ಕಿಂತ ಹೆಚ್ಚು ಬೆಚ್ಚಿಬಿದ್ದದ್ದು ನನ್ನ ಈ ಮಾತಿಗೆ. ಇದನ್ನು ಆಡಿದವಳು ನಾನೇ? ಮೊನ್ನೆ ಮೈ ಉರಿಸಿಕೊಂಡವಳು? ಇಷ್ಟು ದಿನ ಎಲ್ಲಿ ಅಡಗಿ ಕೂತಿತ್ತು ಇದು? ದೇವಮ್ಮ ಬೀಗದಕೈಯನ್ನು ಮೇಜಿನ ಮೇಲಿಟ್ಟು, ಮೊಮ್ಮಗಳನ್ನು ಕರೆದುಕೊಂಡು ಹೊರಟುಹೋದಳು.

ಉಳಿದ ಏಳು ಮಕ್ಕಳು ಮೂಗು ಹಿಡಿದುಕೊಂಡು ರಜೆ ಹಾಕಿದರು. ಎರಡು ರವಿವಾರ ದೇವಮ್ಮ ಓಣಿಗೇ ಬರಲಿಲ್ಲ. ಬೇಲೆಕೇರಿಗೆ ಓಡಿಹೋಗಿ ಕ್ಷಮೆ ಕೇಳಿದೆ ಎಂದು ಬರೆಯಲು ಆಸೆ. ಹೋಗಲಿಲ್ಲ. ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ, ಬಿಸಿಲು ಜಾಸ್ತಿ ಎಂದು ವಾಪಸು ಬಂದೆ.

ಮೂರನೇ ರವಿವಾರ ಶ್ವೇತಾ ಜಗಲಿಯಲ್ಲಿ ನಿಂತಿದ್ದಳು. ಅಜ್ಜಿ ಗೇಟಿನ ಆಚೆ, ಬುಟ್ಟಿ ಇಳಿಸದೆ.

"ಅಜ್ಜಿ ಮೂರ್ ಸಲ ಸೋಪ್ ಹಾಕಿ ತೊಳ್ದಾಳೆ ಅಕ್ಕೋರೆ. ಮೂಸಿ ನೋಡಿ. ಈಗ ಮುಟ್ಟಬಹುದಾ?" ಎಂದು ಎರಡೂ ಕೈಗಳನ್ನು ನನ್ನ ಮೂಗಿನ ಹತ್ತಿರ ಚಾಚಿದಳು. ತಿಕ್ಕಿ ತಿಕ್ಕಿ ಕೆಂಪಾದ ಕೈಗಳು. ಮನೆ ತುಂಬ ಮೀನೆಣ್ಣೆ ನಾರುತ್ತಿತ್ತು, ಅವಳ ಕೈ ಮಾತ್ರ ಘಮಘಮ. ನಾಚಿಕೆಯಿಂದ ಸತ್ತೆ.

ಹುಡುಗಿಯನ್ನು ಒಳಗೆ ಕಳಿಸಿ ಗೇಟಿಗೆ ಓಡಿದೆ. "ತಪ್ಪಾಯ್ತು ದೇವಮ್ಮ," ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಮೆಲ್ಲಗೆ ಬಿಡಿಸಿಕೊಳ್ಳಲು ನೋಡಿದಳು.

"ಬಿಡಿ ಅಕ್ಕೋರೆ, ನಿಮ್ ಕೈಗೆ ವಾಸ್ನೆ ಆಗ್ತದೆ."