ಹಳದಿ ಚೀಟಿಯ ಪುಸ್ತಕಗಳು

ಓದಲು ಕೂತರೆ ಅವರು ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಲಗಣ್ಣೊಂದನ್ನೇ ಪುಸ್ತಕದ ಮೇಲೆ ನೆಟ್ಟು, ಹಾಳೆಯನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡು, ಸಾಲಿನ ಉದ್ದಕ್ಕೂ ತಲೆಯನ್ನೇ ಸರಿಸುತ್ತಾ ಓದುವುದು. ಮೊದಲ ಸಲ ಟೆರೇಸಿನ ಮೇಲೆ ಕಂಡಾಗ ಪಾಪ, ಕಣ್ಣಿಗೆ ಏನೋ ಆಗಿದೆ ಅಂದುಕೊಂಡೆ. ಏನೂ ಆಗಿರಲಿಲ್ಲ. ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಭೂತಗನ್ನಡಿಯಲ್ಲಿ ಬಿಡಿಭಾಗಗಳನ್ನು ನೋಡಿ ನೋಡಿ, ಇದು ಪಾಸು ಇದು ಫೇಲು ಎಂದು ಬೇರ್ಪಡಿಸಿದವರು ಅವರು. ನಿವೃತ್ತಿಯಾದ ಮೇಲೂ ಆ ಕಣ್ಣು ಕೆಲಸ ಬಿಟ್ಟಿರಲಿಲ್ಲ.

ನಾನು ಅವರನ್ನು ಆಂಟಿ ಎಂದೇ ಕರೆದೆ. ಅವರು ಮದುವೆ ಮಾಡಿಕೊಂಡಿರಲಿಲ್ಲ. ಮಾದನಾಯಕನಹಳ್ಳಿಯ ನಮ್ಮ ಮನೆಯ ಎರಡನೇ ಮಹಡಿಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ನಮ್ಮ ಮನೆ ಎಂದೆ, ಮಾವನ ಮನೆ ಎನ್ನಬೇಕು. ಮಾವ ಈ ಊರಿನ ಹಳೇ ಒಕ್ಕಲು. ಹೊಲದ ಅರ್ಧ ಗೋಡೌನುಗಳಾದ ಮೇಲೆ ಉಳಿದ ಜಾಗದಲ್ಲಿ ಕಟ್ಟಡ ಎಬ್ಬಿಸಿದ್ದರು. ಎರಡು ಮಹಡಿಗೆ ಪ್ಲಾನಿತ್ತು, ಮೂರನೆಯದಕ್ಕೆ ಧೈರ್ಯವಿತ್ತು.

ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಹೊಸದೊಂದು ಅಭ್ಯಾಸ ಹತ್ತಿತು. ಬೆಳಿಗ್ಗೆ ನನ್ನ ಗಂಡ ಕೆಲಸಕ್ಕೆ, ಮಗಳು ಸ್ಕೂಲಿಗೆ, ಉಳಿದ ಬಾಡಿಗೆದಾರರು ಫ್ಯಾಕ್ಟರಿಗಳಿಗೆ ಹೋದ ಮೇಲೆ, ಎಲ್ಲ ಮನೆಗಳಿಗೂ ಇದ್ದ ಒಂದೇ ದಾರಿಯಾದ ಮೆಟ್ಟಿಲಿನ ಗ್ರಿಲ್ ಗೇಟಿಗೆ ಹೊರಗಿನಿಂದ ಬೀಗ ಜಡಿದು ಗೋಡೌನಿನ ಹತ್ತಿರ ಹೋಗಿ ಕೂರುವುದು. "ಕಾಲ ಕೆಟ್ಟೈತೆ ಕಣವ್ವ, ಯಾರ್ಯಾರೋ ತಿರುಗ್ತವ್ರೆ" ಎನ್ನುತ್ತಿದ್ದರು. ಬೀಗದ ಕೈ ಅವರ ಉಡಿದಾರದಲ್ಲಿ. ಹೊರಗೆ ಹೋಗಬೇಕಾದರೆ ಫೋನ್ ಮಾಡಿ, ಯಾಕೆ, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಹೇಳಬೇಕು. ಹೇಳಿದ ಮೇಲೂ ಬಹಳ ಸಲ "ಸಾಯಂಕಾಲ ಗಂಡ ಬತ್ತಾನಲ್ಲ, ಅವನ್ ಜೊತೆ ಓಗು" ಎಂಬ ಉತ್ತರ. ಗಂಡನಿಗೆ ಹೇಳಿದರೆ "ಅಪ್ಪ ಹೇಳ್ದಂಗೆ ಕೇಳ್ಕೊಂಡಿರು, ನಿಂಗೇನು ಕಮ್ಮಿಯಾಗಿದೆ?" ಹೊಡೆತ ಬಡಿತ ಇಲ್ಲ, ಊಟಕ್ಕೆ ಬಟ್ಟೆಗೆ ಕೊರತೆ ಇಲ್ಲ. ಯಾರ ಹತ್ತಿರ ಏನೆಂದು ದೂರುವುದು?

ಹಗಲಿಡೀ ಗೇಟಿನ ಒಳಗೆ ಉಳಿಯುತ್ತಿದ್ದವರು ನಾವಿಬ್ಬರೇ. ಆಂಟಿ ಬೇರೆ ಮನೆ ನೋಡಿಕೊಳ್ಳಬಹುದಿತ್ತು. ಕೇಳಿದರೆ "ಈ ಮನೆ ಗೋಡೇಲಿ ತೇವ ಇಲ್ಲ ಕಣೇ, ಪುಸ್ತಕಕ್ಕೆ ಒಳ್ಳೇದು" ಎಂದರು. ಅವರ ಒಂದು ಕೋಣೆಯ ತುಂಬ ಪುಸ್ತಕ, ಒಂದೂ ಕಥೆ ಕಾದಂಬರಿಯಲ್ಲ. ಪ್ರವಾಸ, ಆತ್ಮಕಥೆ, ಹಾವು, ಹಕ್ಕಿ, ಸೇತುವೆ, ರೋಗ. ಪ್ರತಿ ಪುಸ್ತಕಕ್ಕೂ ಕಾರ್ಖಾನೆಯ ದಾರ ಕಟ್ಟಿದ ಚೀಟಿ. ಹಸಿರೆಂದರೆ ಪಾಸು. ಕೆಂಪೆಂದರೆ ಫೇಲು. ಹಳದಿ ಎಂದರೆ ದೋಷವಿದೆ, ಆದರೆ ಕೆಲಸಕ್ಕೆ ಬರುತ್ತದೆ. ದೋಷ ಏನೆಂದು ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಿರುತ್ತಿತ್ತು. ಗೆಲುವಿನ ಗುಟ್ಟು ಹೇಳಿಕೊಡುವ ಪುಸ್ತಕವೊಂದಕ್ಕೆ ಕೆಂಪು ಚೀಟಿ ನೇತಾಡುತ್ತಿತ್ತು. ಹಿಂದೆ ಬರೆದಿದ್ದರು: "ಇವರು ಜೀವನದಲ್ಲಿ ಗೆದ್ದಿದ್ದು ಈ ಪುಸ್ತಕ ಮಾರಿ ಮಾತ್ರ."

ನಾನು ತವರಿನಲ್ಲಿ ಕಾದಂಬರಿ ಬಿಟ್ಟು ಬೇರೇನೂ ಓದಿದವಳಲ್ಲ. ನಿಜದ ಸಂಗತಿ ಎಂದರೆ ಪಠ್ಯಪುಸ್ತಕ, ಪಠ್ಯಪುಸ್ತಕ ಎಂದರೆ ನಿದ್ದೆ. ಅದನ್ನೇ ಅವರಿಗೆ ಹೇಳಿ, ಹಾಗಿದ್ದರೂ ಓದಿ ನೋಡುತ್ತೇನೆ, ನಿಮಗೆ ಬಹಳ ಇಷ್ಟವಾದ ಹಸಿರು ಚೀಟಿಯದೊಂದು ಕೊಡಿ ಎಂದೆ.

"ಹಸಿರು ನಿಂಗೆ ಯಾಕೆ? ಹಸಿರು ಕೊಟ್ರೆ ಕೈ ಮುಗಿದು ವಾಪಸ್ ತಂದಿಡ್ತೀಯ. ಹೊಸಬರು ಹಳದಿಯಿಂದ ಶುರು ಮಾಡ್ಬೇಕು. ಎಲ್ಲಿ ಕೆಟ್ಟಿದೆ ಅಂತ ಹುಡುಕೋಕೆ ಹೊರಟ್ರೆ ನಿದ್ದೆ ಬರಲ್ಲ."

ಚೀಟಿ ಬಿಚ್ಚಿಟ್ಟುಕೊಂಡು ಪುಸ್ತಕ ಮಾತ್ರ ಕೊಟ್ಟರು. ಸೈಕಲ್ಲಿನಲ್ಲಿ ಕೆರೆ ಕೆರೆ ಸುತ್ತಿದವರೊಬ್ಬರ ಅನುಭವ ಅದು. ವಾರ ಬಿಟ್ಟು "ಏನು ಕೆಟ್ಟಿದೆ?" ಎಂದರು. ಎಲ್ಲ ಚೆನ್ನಾಗಿದೆ ಎಂದೆ. ಇನ್ನೊಂದು ವಾರ ಓದಿಸಿದರು. ಏಳನೆಯ ಕೆರೆಯ ಹತ್ತಿರ ನನಗೆ ಏನೋ ಚುಚ್ಚಿತು. ಉಳಿದೆಲ್ಲ ಕೆರೆಯಲ್ಲೂ ಆತ ನೀರಿಗೆ ಕಾಲಿಡುತ್ತಾನೆ, ಕೆಸರು ಮೆತ್ತಿಕೊಳ್ಳುತ್ತಾನೆ, ಯಾರದೋ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತಾನೆ. ಇಲ್ಲಿ ಬರೀ ಕೆರೆಯ ಇತಿಹಾಸ. "ಆಂಟಿ, ಈ ಕೆರೆಗೆ ಇವ್ರು ಹೋಗೇ ಇಲ್ಲ ಅನ್ಸುತ್ತೆ" ಎಂದೆ. ಅವರು ಎತ್ತಿಟ್ಟಿದ್ದ ಚೀಟಿ ತಂದು ತೋರಿಸಿದರು. ಅದರ ಹಿಂದೆ ಇದ್ದದ್ದೂ ಅದೇ. ಎಷ್ಟೋ ವರ್ಷದ ಮೇಲೆ ನನಗೆ ನನ್ನ ಬಗ್ಗೆ ಹೆಮ್ಮೆಯಾಯಿತು.

ಆಮೇಲೆ ನರ್ಸೊಬ್ಬರ ಆತ್ಮಕಥೆ. ಇಡೀ ಪುಸ್ತಕದಲ್ಲಿ ಗಂಡನಿಗೆ ಮೀಸಲಾದದ್ದು ಒಂದೇ ಸಾಲು. "ಸುಳ್ಳು ಹೇಳಿಲ್ಲ, ಮುಚ್ಚಿಟ್ಟಿದ್ದಾರೆ. ಎರಡೂ ಬೇರೆ ಬೇರೆ, ಗೊತ್ತಿರ್ಲಿ" ಎಂದರು. ಹೀಗೆ ಒಂದೊಂದಾಗಿ ಹನ್ನೊಂದು ಹಳದಿ ದಾಟಿ, ಹಾವುಗಳ ಬಗೆಗಿನ ಒಂದು ಹಸಿರಿಗೆ ಬಂದೆ. ಕಪಾಟಿನಲ್ಲಿ ಕೈದಿಯೊಬ್ಬರ ದಿನಚರಿಯೂ ಇತ್ತು. ಕೈ ಹಾಕಿದಾಗ ತಡೆದರು. "ಅದು ಈಗ್ಲೇ ಬೇಡ. ಮೊದ್ಲು ಆಚೆ ತಿರುಗಾಡಿದವರದ್ದು ಓದು." ಸಿಟ್ಟು ಬಂತು. ಒಳಗಿರುವವಳಿಗೆ ಆಚೆಯದನ್ನು ಓದಿಸುವುದು ಉಪವಾಸದವರ ಮುಂದೆ ಒಗ್ಗರಣೆ ಹಾಕಿದಂತಲ್ಲವೇ? ಆದರೂ ಬಟ್ಟೆ ಒಣಗಿಸುವ ನೆಪದಲ್ಲಿ ದಿನಾ ಮೇಲೆ ಹತ್ತುತ್ತಿದ್ದೆ. ಒಗೆದದ್ದನ್ನೇ ಒಗೆದು ಸೀರೆಗಳ ಬಣ್ಣ ಹೋಗಿತ್ತು.

ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಿಂದ ಹೊಗೆ ಬಂತು. ಕಮರು ವಾಸನೆ, ಚಟಪಟ ಕಿಡಿ. ಗೇಟಿನ ಹತ್ತಿರ ಹೋಗುವಂತಿಲ್ಲ, ಹೋದರೂ ಬೀಗ. ಮಾವನಿಗೆ ಫೋನ್ ಮಾಡುತ್ತಲೇ ನಾವಿಬ್ಬರೂ ಟೆರೇಸಿಗೆ ಓಡಿ ಕೂಗಿಕೊಂಡೆವು. ಮಾವ ಬಂದು ಬೀಗ ತೆಗೆಯುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು, ಕಿಡಿ ತಾನಾಗಿ ಆರಿತ್ತು. ಆಂಟಿ ಇಳಿದು ಬಂದು ಗೇಟಿನ ಮುಂದೆ ನಿಂತರು. "ಜನ ಒಳಗಿರೋವಾಗ ಬಾಗಿಲಿಗೆ ಬೀಗ ಹಾಕ್ಬಾರ್ದು ಸ್ವಾಮಿ" ಎಂದರು. ಮಾವ "ಏನೂ ಆಗ್ನಿಲ್ವಲ್ಲ, ಬುಡಿ" ಎಂದರು. ಮಾರನೇ ದಿನ ವೈರು ಬದಲಾಯಿತು. ಬೀಗ ಮಾತ್ರ ಎಂದಿನಂತೆ ಬಿತ್ತು.

ಆಗ ಆಂಟಿ ಕಾರ್ಖಾನೆಯವರು ಮಾತ್ರ ಮಾಡಬಹುದಾದ ಕೆಲಸ ಮಾಡಿದರು. ಗ್ರಿಲ್ಲಿನ ಸಂದಿಯಿಂದ ಕೈ ತೂರಿಸಿ ಬೀಗಕ್ಕೆ ಕೆಂಪು ಚೀಟಿ ಕಟ್ಟಿದರು. ಅವರ ಕಾರ್ಖಾನೆಯಲ್ಲಿ ಕೆಂಪು ಚೀಟಿ ಬಿದ್ದ ವಸ್ತುವನ್ನು ದೊಡ್ಡ ಸಾಹೇಬರೂ ಮುಟ್ಟುತ್ತಿರಲಿಲ್ಲವಂತೆ. ಇಲ್ಲಿಯೂ ಹಾಗೆಯೇ ನಡೆಯುತ್ತದೆಂದು ಅವರು ನಿಜವಾಗಿಯೂ ನಂಬಿದ್ದರು.

ಸಂಜೆ ಮಾವ ಚೀಟಿ ಹಿಡಿದುಕೊಂಡು ಬಂದರು. ಅಚ್ಚಾದ ಇಂಗ್ಲಿಷು, ಅದರ ಕೆಳಗೆ ಇಂಗ್ಲಿಷಿನಲ್ಲೇ ಬರಹ. ಮಾವನಿಗೆ ರುಜು ಬಿಟ್ಟರೆ ಅಕ್ಷರ ಬಾರದು. "ಏನವ್ವಾ ಬರ್ದವ್ರೆ? ಯಾವ್ ಆಪೀಸ್ನೋರು?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರ ಕಣ್ಣು ಪ್ಲಾನಿಲ್ಲದೆ ಕಟ್ಟಿದ ಮೂರನೇ ಮಹಡಿಯ ಕಡೆಗಿತ್ತು.

"ಒಳಗೆ ಜನ ಇರುವಾಗ ಬೀಗ ಹಾಕಿದೆ, ಹೀಗೆ ಹಾಕಬಾರದು ಅಂತಿದೆ ಮಾವ. ಕರೆಂಟ್ ಆಫೀಸಿನವರು."

ಬರೆದಿದ್ದನ್ನು ಸರಿಯಾಗಿಯೇ ಓದಿದ್ದೆ. ಬರೆದವರನ್ನು ಮಾತ್ರ ಬದಲಾಯಿಸಿದ್ದೆ. ಮಾವ ಚೀಟಿಯನ್ನು ಹರಿದು ಮೋರಿಗೆ ಎಸೆದು, "ಯಾರ್ಗೂ ಏಳ್ಬ್ಯಾಡ" ಎಂದರು.

ಹತ್ತೊಂಬತ್ತು ದಿನ ಗೇಟಿಗೆ ಬೀಗ ಬೀಳಲಿಲ್ಲ. ನಾನು ಹೆಚ್ಚೇನೂ ಮಾಡಲಿಲ್ಲ. ಸರ್ವಿಸ್ ರಸ್ತೆಯವರೆಗೆ ನಡೆದೆ. ಲಾರಿಗಳನ್ನು ನೋಡಿದೆ. ಗೋಡೌನೊಂದರ ಮುಂದೆ ಕೆಲಸಕ್ಕೆ ಹೆಂಗಸರು ಬೇಕಾಗಿದ್ದಾರೆ ಎಂಬ ಬೋರ್ಡನ್ನು ಮೂರು ದಿನ ಓದಿ, ನಾಲ್ಕನೇ ದಿನ ಒಳಗೆ ಹೋಗಿ ಹೆಸರು ಬರೆಸಿ ಬಂದೆ. ಆ ಖುಷಿ ತಡೆಯಲಾರದೆ ಚೀಟಿಯ ಕಥೆಯನ್ನು ಆಂಟಿಗೆ ನಗುತ್ತಾ ಹೇಳಿದೆ.

ಅವರು ನಗಲಿಲ್ಲ. ಎಡಗಣ್ಣು ಮುಚ್ಚಿ ನನ್ನನ್ನೇ ನೋಡಿದರು. "ನನ್ನ ಚೀಟಿ ಮೇಲೆ ಬೇರೆಯವರ ಹೆಸರು ಹಾಕಿದೆಯಲ್ಲೇ. ನಿಂಗೆ ಆಚೆ ಹೋಗ್ಬೇಕಿತ್ತು, ಹೋಗ್ಬೇಕು ಅಂತ ಬಾಯ್ಬಿಟ್ಟು ಹೇಳ್ಬೇಕಿತ್ತು. ಈಗ ನಿಮ್ಮ ಮಾವ ಆಫೀಸಿಗೆ ಹೆದರಿದ್ದಾರೆ. ನಿಂಗೆ ಬಾಗಿಲು ತೆಗೆದಿಲ್ಲ."

ಅಂದೇ ಸಂಜೆ ಕೆಳಗಿಳಿದು ಬಂದು ಮಾವನಿಗೆ ಹೇಳಿಬಿಟ್ಟರು. "ಚೀಟಿ ಕಟ್ಟಿದ್ದು ನಾನು. ಯಾವ ಆಫೀಸಿನವರೂ ಅಲ್ಲ."

ಮಾವನ ಮುಖ ಕೆಂಪಾಯಿತು. "ಮತ್ತೆ ಕರೆಂಟ್ ಆಪೀಸು ಅಂತ ನಿಂಗೆ ಏಳ್ಕೊಟ್ಟೋರು ಯಾರು?" ಎಂದು ನನ್ನ ಕಡೆ ತಿರುಗಿದರು. ನಾನು ಅಕ್ಕಿ ಆರಿಸುತ್ತಾ ತಲೆ ಬಗ್ಗಿಸಿದ್ದೆ. ಯಾರೂ ಹೇಳಿಕೊಡಲಿಲ್ಲ, ಸುಳ್ಳು ನನ್ನದೇ ಎಂದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ. ಆಂಟಿ ಸುಳ್ಳು ಹೇಳುವವರಲ್ಲ, ಚಾಡಿ ಹೇಳುವವರೂ ಅಲ್ಲ. ನನ್ನ ಹೆಸರೆತ್ತಲಿಲ್ಲ. ಮಾವ ಇಬ್ಬರನ್ನೂ ಒಂದು ಗಳಿಗೆ ನೋಡಿ, ಆಂಟಿಗೆ "ತಿಂಗ್ಳು ಮುಗಿಯೋದ್ರೊಳಗೆ ಮನೆ ಖಾಲಿ ಮಾಡಿ" ಎಂದರು. ಮಾರನೇ ದಿನ ಬೀಗ ಬಿತ್ತು. ಗೋಡೌನಿನಿಂದ ಕೆಲಸಕ್ಕೆ ಬನ್ನಿ ಎಂದು ಫೋನ್ ಬಂದದ್ದು ಅದರ ಮೂರನೇ ದಿನ.

ಆಂಟಿ ಲಗ್ಗೆರೆಯಲ್ಲಿ ತಂಗಿಯ ಮಗಳ ಮನೆಯ ಹತ್ತಿರ ರೂಮು ಹಿಡಿದರು. ಟೆಂಪೋಗೆ ಪುಸ್ತಕ ತುಂಬುವ ದಿನ ನಾನು ಅತ್ತುಬಿಟ್ಟೆ. ಕೈದಿಯ ದಿನಚರಿಯನ್ನು ಅವರೇ ತೆಗೆದು ಕೈಗಿಟ್ಟರು. "ಈಗ ಓದು" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಒಂದೂವರೆ ವರ್ಷ ಫೋನಿನಲ್ಲೇ ಪುಸ್ತಕ ಹೇಳಿದರು, ಏನು ಕೆಟ್ಟಿದೆ ಎಂದು ಕೇಳಿದರು. ಪ್ರತಿ ಸಲವೂ ಕ್ಷಮೆ ಕೇಳಬೇಕೆಂದುಕೊಂಡು ಪುಸ್ತಕದ ಮಾತಾಡಿ ಇಟ್ಟುಬಿಡುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ತಂಗಿಯ ಮಗಳು ಫೋನ್ ಮಾಡಿದಳು. ನಿದ್ದೆಯಲ್ಲೇ ಹೋಗಿದ್ದರು. ಮಾವ ಮುದ್ದೆ ಮುರಿಯುತ್ತಾ ಕೂತಿದ್ದರು. ಅವರೆದುರು ಹೋಗಿ ನಿಂತೆ.

"ನಾನು ಲಗ್ಗೆರೆಗೆ ಹೋಗ್ಬೇಕು ಮಾವ. ಆಂಟಿ ತೀರಿಕೊಂಡ್ರು. ಅವತ್ತು ಕರೆಂಟ್ ಆಫೀಸು ಅಂದ ಸುಳ್ಳು ನನ್ನದೇ, ಅವರು ಹೇಳಿಕೊಟ್ಟಿದ್ದಲ್ಲ."

ಮಾವ ತಲೆಯೆತ್ತಲಿಲ್ಲ. "ಗೊತ್ತಿತ್ತು ಕಣವ್ವ. ಬಾಡ್ಗೆಯೋರ್ನ ಕಳಿಸ್ಬೋದು, ಸೊಸೇನ ಎಲ್ಗವ್ವ ಕಳ್ಸದು?"

ಕೈ ತೊಳೆದು ಬಂದು ಗೇಟು ತೆರೆದರು. "ಒತ್ತು ಮುಳುಗೋಕ್ ಮುಂಚೆ ಬಂದ್ಬುಡು" ಎಂದರು.

ಎರಡು ಬಸ್ಸು ಬದಲಾಯಿಸಿ ಲಗ್ಗೆರೆ ಸೇರುವಷ್ಟರಲ್ಲಿ ಅವರನ್ನು ಮಸಣಕ್ಕೆ ಎತ್ತಿಕೊಂಡು ಹೋಗಿದ್ದರು. ಬಾಗಿಲಲ್ಲಿ ನಿಂತಿದ್ದ ಹುಡುಗಿ, ತಂಗಿಯ ಮಗಳೇ ಇರಬೇಕು, "ದೊಡ್ಡಮ್ಮನ ಫೋನಲ್ಲಿದ್ದ ನಂಬರಿಗೆಲ್ಲ ಮಾಡ್ದೆ, ನೀವು ಯಾರು ಅಂತ ಗೊತ್ತಾಗ್ಲಿಲ್ಲ" ಎಂದಳು.

"ನನ್ನಿಂದ ಅವ್ರು ಮನೆ ಬಿಡ್ಬೇಕಾಯ್ತು" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಒಳಗೆ ಕರೆದು ನೀರು ಕೊಟ್ಟಳು. ಅವರ ಮಂಚದ ತುದಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಹೊತ್ತು ಮುಳುಗುವ ಮುಂಚೆ ವಾಪಸ್ ಬಂದೆ.