ದುರಗಪ್ಪನ ಕಣ್ಣಿಗೆ ಬಿದ್ದ ಖಾರ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರ ಗ್ಯಾಂಗೊಂದಕ್ಕೆ ಮೇಸ್ತ್ರಿಯಾಗಿದ್ದ ದುರಗಪ್ಪನಿಗೆ ಎರಡು ವಿಷಯದಲ್ಲಿ ಹೆಸರಿತ್ತು. ಒಂದು, ಗಂಟಲು. ಅವನು ಯಾರ್ಡಿನ ಈ ಮೂಲೆಯಲ್ಲಿ ಬೈದರೆ ಆ ಮೂಲೆಯಲ್ಲಿ ಬೀಡಿ ಸೇದುತ್ತ ಕೂತವನು ಎದ್ದು ನಿಲ್ಲುತ್ತಿದ್ದ. ಇನ್ನೊಂದು, ಕಲ್ಲೆದೆ. ಗ್ಯಾಂಗಿನ ಮೈಲಪ್ಪ ಚೀಲ ಜಾರಿ ಕಾಲ ಮೇಲೆ ಬಿದ್ದಾಗ ಕಣ್ಣಲ್ಲಿ ನೀರು ತಂದುಕೊಂಡಿದ್ದಕ್ಕೆ, "ಯಾಕಲೇ, ತವರು ಮನಿ ನೆನಪಾತೇನು?" ಎಂದು ಎಲ್ಲರ ಮುಂದೆ ಕೇಳಿ ಇಡೀ ಸುಗ್ಗಿ ಅವನನ್ನು ಗೋಳು ಹೊಯ್ದುಕೊಂಡಿದ್ದ.

ಇಂಥ ದುರಗಪ್ಪ ರಾಣೆಬೆನ್ನೂರಿಗೆ ಹೋಗಿ, ಟಾಕೀಸಿನ ಕತ್ತಲಲ್ಲಿ ಕೂತು ಗೊಳೋ ಎಂದು ಅಳುತ್ತಾನೆಂಬುದು ಅವನ ಹೆಂಡತಿ ಹೊಳಿಯವ್ವನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅದು ಶುರುವಾದದ್ದು ತಾಯಿ ಕರೆವ್ವ ತೀರಿಕೊಂಡ ಮೇಲೆ. ಆಕೆ ಹಾವೇರಿಯ ಆಸ್ಪತ್ರೆಯಲ್ಲಿದ್ದಳು. "ಲಗೂ ಬಾ" ಎಂದು ಫೋನು ಬಂದಾಗ ಅರ್ಧ ಖಾಲಿಯಾದ ಲಾರಿ ಎದುರಿಗಿತ್ತು. ಇಳಿಸಿಯೇ ಹೋದರಾಯಿತು ಎಂದುಕೊಂಡ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಮಣ್ಣು ಮಾಡುವ ಓಡಾಟ, ಬಂದವರ ಊಟ-ಉಪಚಾರ. ಅಳುವುದಕ್ಕೆ ಪುರುಸೊತ್ತೇ ಸಿಗಲಿಲ್ಲ. ಜನ "ಗಟ್ಟಿ ಮನಷ್ಯಾ" ಎಂದರು. ಇವನು ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಕೆಲ ದಿನಗಳಾದ ಮೇಲೆ ರಾಣೆಬೆನ್ನೂರಿಗೆ ಏನೋ ಕೆಲಸಕ್ಕೆ ಹೋದವನು ಬಿಸಿಲಿಗೆ ಬೇಸತ್ತು ಟಾಕೀಸು ಹೊಕ್ಕ. ಹಾಸ್ಯದ ಸಿನಿಮಾ. ನಾಯಕ ಸಗಣಿಯಲ್ಲಿ ಜಾರಿ ಬಿದ್ದ. ಟಾಕೀಸಿಗೆ ಟಾಕೀಸೇ ನಗುತ್ತಿದ್ದರೆ ದುರಗಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಪಕ್ಕದಲ್ಲಿದ್ದವನು ಹೆದರಿ ಜಾಗ ಬದಲಿಸಿದ. ಅಳುವುದಾದರೆ ಅಳುವ ಸಿನಿಮಾಕ್ಕೇ ಹೋಗಬೇಕೆಂಬ ಬುದ್ಧಿ ಅವನಿಗೆ ಅಂದು ಬಂತು.

ಅಂದಿನಿಂದ ತಾಯಿ-ಮಗನ ಯಾವ ಸಿನಿಮಾ ಬಂದರೂ ಬಿಡುತ್ತಿರಲಿಲ್ಲ. ಜೇಬಿನಲ್ಲೊಂದು ಬ್ಯಾಡಗಿ ಮೆಣಸಿನಕಾಯಿ ಇರುತ್ತಿತ್ತು. ಬಣ್ಣ ಹೆಚ್ಚು, ಖಾರ ಕಡಿಮೆ, ಒಳ್ಳೆಯ ಕಾಯಿ. ಅಳು ಬಂದಾಗ ಅದಕ್ಕೆ ಬೆರಳು ತಿಕ್ಕಿ ಕಣ್ಣಂಚಿಗೆ ಸವರಿಕೊಳ್ಳುವುದು, ಯಾರಾದರೂ ನೋಡಿದರೆ "ಖಾರ ಬಿತ್ತರಿ ಕಣ್ಣಾಗ" ಎನ್ನುವುದು. ಕಣ್ಣು ಕೆಂಪಗಾಗಿರುತ್ತಿದ್ದುದರಿಂದ ಯಾರೂ ಅನುಮಾನಪಡುತ್ತಿರಲಿಲ್ಲ.

"ಉಳ್ಳಾಗಡ್ಡಿ ಹೆಚ್ಚಿಕೊಡ್ರಿ ಅಂದ್ರ ಒಲ್ಲೆ ಅಂತೀರಿ. ಅಲ್ಲಿ ಟಿಕೀಟ ತಗದು ಅತ್ತು ಬರ್ತೀರಿ. ನಿಮ್ಮಂಥಾ ಶಾಣ್ಯಾನ್ನ ಎಲ್ಲೂ ಕಾಣ್ಲಿಲ್ಲ ಬಿಡ್ರಿ," ಎನ್ನುತ್ತಿದ್ದಳು ಹೊಳಿಯವ್ವ. ಅನ್ನುತ್ತಲೇ ಒಗೆದ ಕರವಸ್ತ್ರವೊಂದನ್ನು ಅವನ ಜೇಬಿಗೆ ತುರುಕುತ್ತಿದ್ದಳು.

ಈ ಸಲ ಸುಗ್ಗಿ ಮುಗಿದಾಗ ದಲಾಲಿ ಅಂಗಡಿಯ ಕೊಟ್ರೇಶ ಸಾಹುಕಾರರಿಗೆ ಉಮೇದು ಬಂತು. ಪ್ರತಿ ವರ್ಷ ಗ್ಯಾಂಗಿಗೆ ಹೋಳಿಗೆ ಊಟ ಹಾಕಿಸುತ್ತಿದ್ದವರು, "ಈ ಸಲ ಎಲ್ಲಾರಿಗೂ ಸಿನಿಮಾ ತೋರಸ್ತೇನಿ. ತಾಯಿ-ಮಗಂದು. ಕಲ್ಲೂ ಕರಗತೈತಂತ," ಎಂದರು.

"ಊಟಾನ ಚಲೋರಿ ಸಾವ್ಕಾರ್ರ," ಎಂದ ದುರಗಪ್ಪ.

"ಯಾಕಣ್ಣಾ, ಅಳು ಬರತೈತೇನು?" ಎಂದ ಮೈಲಪ್ಪ. ಗ್ಯಾಂಗು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಇನ್ನು ಹೋಗದೆ ಗತಿಯಿರಲಿಲ್ಲ. ಅಲ್ಲಿ ಒಂದು ಹನಿ ಉದುರಿದರೂ ಮೇಸ್ತ್ರಿಯ ಮಾನ ನಡು ಮಾರುಕಟ್ಟೆಯಲ್ಲಿ ಹರಾಜಾಗುತ್ತಿತ್ತು. ಹೊರಡುವ ಗಡಿಬಿಡಿಯಲ್ಲಿ ಹತ್ತಿರದ ರಾಶಿಯಿಂದ ಒಂದು ಕಾಯಿ ಎತ್ತಿ ಜೇಬಿಗಿಳಿಸಿದ. ಅದು ಆಂಧ್ರದ ಲಾರಿಯಿಂದ ಇಳಿದ ರಾಶಿ. ಬಣ್ಣಕ್ಕಲ್ಲ, ಖಾರಕ್ಕೆಂದೇ ಹುಟ್ಟಿದ ತಳಿ. ಮೆಣಸಿನಕಾಯಿಯಲ್ಲೇ ಮುದುಕನಾಗುತ್ತಿದ್ದವನು ಅಷ್ಟನ್ನೂ ನೋಡಲಿಲ್ಲ.

ಮಧ್ಯಂತರದವರೆಗೆ ಹಲ್ಲು ಕಚ್ಚಿ, ಗೋಡೆಯ ಫ್ಯಾನು ನೋಡುತ್ತ ಕಳೆದ. ಆಮೇಲೆ ತೆರೆಯ ಮೇಲಿನ ಮುದುಕಿ ಆಸ್ಪತ್ರೆ ಸೇರಿದಳು. ಪಿಟೀಲು ಶುರುವಾಯಿತು. ದುರಗಪ್ಪ ಜೇಬಿಗೆ ಕೈ ಹಾಕಿದ. ಮೈಲಪ್ಪ ಪಕ್ಕದಲ್ಲೇ ಕೂತಿದ್ದ. ಸವರುವುದು ಸಾಲದೆಂದು ಇವನು ಕಾಯಿ ಮುರಿದು, ಬೀಜ ತಿಕ್ಕಿದ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

ಒತ್ತಿಕೊಂಡ ಮೇಲೆ ತಳಿ ಯಾವುದೆಂದು ಗೊತ್ತಾಯಿತು.

ಕಣ್ಣು ತೆರೆಯುವ ಮಾತೇ ಇರಲಿಲ್ಲ. ಎದ್ದು ಹೋದರೆ ಅಳುತ್ತ ಓಡಿಹೋದ ಅನ್ನುತ್ತಾರೆ. "ಖಾರ ಬಿದ್ದೈತಲೇ," ಎಂದು ಮೈಲಪ್ಪನಿಗೆ ಹೇಳಿ ಕಣ್ಣು ಮುಚ್ಚಿ ಕೂತ. ಮೈಲಪ್ಪ ಮೂಗು ಏರಿಸಿದ. ಸಾಲಿನುದ್ದಕ್ಕೂ ಮೂಗೇರಿಸುವ, ಟವೆಲ್ಲಿಗೆ ಮೂಗೊರೆಸಿಕೊಳ್ಳುವ ಸದ್ದು. ಗ್ಯಾಂಗಿಗೆ ಗ್ಯಾಂಗೇ ಅಳುತ್ತಿತ್ತು. ಮಾನ ಉಳಿಯಿತೆಂದು ದುರಗಪ್ಪ ನಿಶ್ಚಿಂತೆಯಿಂದ ಇರಬಹುದಿತ್ತು.

ಆದರೆ ತೆರೆಯ ಮೇಲೆ ಮಾತು ನಿಂತಿತ್ತು. ಬರೀ ಪಿಟೀಲು. ಮುದುಕಿ ಏನಾದಳೋ ತಿಳಿಯದು. ಆಕೆ ಮುಖಕ್ಕೆ ಬಣ್ಣ ಬಳಿದುಕೊಂಡು, ಸಾಯುವುದಕ್ಕೆ ಸಂಬಳ ತೆಗೆದುಕೊಂಡವಳು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ತಡೆಯಲಾರದೆ, ಲಾರಿಗಳಾಚೆ ಕೇಳಿಸುವ ಆ ಗಂಟಲಲ್ಲೇ ಕೂಗಿದ:

"ಲೇ ಮೈಲ್ಯಾ! ಮುದುಕಿ ಅದಾಳೋ, ಹೋದ್ಲೋ?"

ಬಾಲ್ಕನಿಯವರೂ ಬಗ್ಗಿ ನೋಡಿದರು. ಮುಂದಿನ ಸಾಲಿನವನೊಬ್ಬ "ಸುಮ್ಮ ಕುಂದ್ರೋ ಮಾರಾಯಾ" ಎಂದ.

"ಹೋದ್ಲಣ್ಣಾ," ಎಂದ ಮೈಲಪ್ಪ.

"ನಾ ಬರೂ ಮಟಾ ತಡೀಲಿಲ್ಲೇನಲೇ ಆಕಿ?"

ಮೈಲಪ್ಪ ತೆರೆಯ ಕಡೆ ನೋಡಿದ. ಅಲ್ಲಿ ಮಗ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ಹಾವೇರಿಯಿಂದ ಫೋನು ಬಂದ ದಿನ ಆ ಲಾರಿಯ ಚೀಲಗಳಿಗೆ ಮೈಲಪ್ಪನೂ ಬೆನ್ನು ಕೊಟ್ಟಿದ್ದ. ಮೇಸ್ತ್ರಿ ಕೇಳುತ್ತಿರುವುದು ಯಾರ ಸುದ್ದಿ ಎಂಬುದು ಅವನಿಗೆ ತಿಳಿಯಿತು.

"ತಡದ್ಲಣ್ಣಾ," ಎಂದು ಭುಜದ ಮೇಲೆ ಕೈಯಿಟ್ಟ. "ಭಾಳ ಹೊತ್ತು ತಡದ್ಲು."

ದುರಗಪ್ಪ ತನ್ನ ಗ್ಯಾಂಗಿನ ನಟ್ಟನಡುವೆ, "ಯವ್ವಾ" ಎಂದು ದನಿ ತೆಗೆದು ಅತ್ತ.