ನಮಗಿಂತ ಮುಂದೆ ಹೋದ ಕೆಂಪು ಮೋಟಾರು

ನಾನು ಮದುವೆಯಾಗಿ ಸವಣೂರಿಗೆ ಬಂದಾಗ ನನ್ನ ಗಂಡನ ಹತ್ತಿರ ಎರಡೇ ಸೀಟಿನ, ಚಾವಣಿಯಿಲ್ಲದ ಕೆಂಪು ಸ್ಪೋರ್ಟ್ಸ್ ಕಾರೊಂದಿತ್ತು. ವಿಲಾಯತಿಗೆ ಮರಳಿದ ಸಾಹೇಬನೊಬ್ಬನಿಂದ ಕೊಂಡದ್ದು. ನಮ್ಮ ಸೀಮೆಯಲ್ಲಿ ಮೋಟಾರು ಇಟ್ಟುಕೊಂಡವರು ಆಗ ಏಳೆಂಟು ಮಂದಿ. ವರ್ಷಕ್ಕೊಮ್ಮೆ ಅವರೆಲ್ಲ ಸವಣೂರಿನಲ್ಲಿ ಸೇರಿ, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ದಾಟಿ ಮಾಸೂರಿನ ಮದಗದ ಕೆರೆಯ ದಂಡೆಯಲ್ಲಿ ಒಟ್ಟಿಗೆ ಉಂಡು ಬರುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನನ್ನ ಚೊಚ್ಚಲ ಕೂಸು ಹುಟ್ಟಿದ ವಾರಕ್ಕೇ ತೀರಿಕೊಂಡು ಆರು ತಿಂಗಳಾಗಿತ್ತು. ಅಂದಿನಿಂದ ನಾನು ಹೊಸ್ತಿಲು ದಾಟಿರಲಿಲ್ಲ, ನಕ್ಕಿರಲಿಲ್ಲ. ಹೊರಗಿನ ಗಾಳಿ ತಾಗಿದರೆ ಮನಸ್ಸು ಹಗುರಾದೀತೆಂದು ಗಂಡ ನನ್ನನ್ನೂ ಕೂಡಿಸಿಕೊಂಡು ಹೊರಟರು. ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಮೊದಲು ಹೊರಡುವ ಸರದಿ ನಮ್ಮದು. ಉಳಿದವರು ಹತ್ತು ಹತ್ತು ನಿಮಿಷ ಬಿಟ್ಟು ಬರುವವರು.

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಶಿಗ್ಗಾಂವಿಯ ಹೊರಗೆ ಇಂಜಿನ್ನಿಗೆ ನೀರು ಕೇಳಲು ನಿಂತಾಗ ಬಾವಿಯ ಹತ್ತಿರದ ಮುದುಕ ನಮ್ಮನ್ನು ದಿಟ್ಟಿಸಿದ. ಈಗಷ್ಟೇ ನೀರು ಹಾಕಿ ಕಳಿಸಿದೆನಲ್ಲ, ಮತ್ತೆ ಹಿಂದಿನಿಂದ ಹೇಗೆ ಬಂದಿರಿ ಎಂದು ಕೇಳಿದ. ಗಂಡ ನಕ್ಕು ನೀರು ಹಾಕಿಸಿಕೊಂಡರು. ಆ ಸೀಮೆಯಲ್ಲಿ ಕೆಂಪು ಮೋಟಾರು ನಮ್ಮದೊಂದೇ.

ಹಾನಗಲ್ಲಿನಲ್ಲಿ ಗಂಡನ ಗೆಳೆಯನ ತಾಯಿ ಎಲ್ಲರಿಗೂ ಪಾನಕ ಮಾಡಿಟ್ಟಿದ್ದರು. ಕಟ್ಟೆಯ ಮೇಲೆ ಕುಡಿದಿಟ್ಟ ಎರಡು ಲೋಟಗಳಿದ್ದವು. ಆಕೆ ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ಏನರ ಮರತು ಬಂದ್ಯೇನವ್ವಾ?"

ನಾವು ಈಗಷ್ಟೇ ಬಂದೆವೆಂದೆ. ಆಕೆ ನನ್ನ ಸೀರೆಯ ಸೆರಗು ಮುಟ್ಟಿ ನೋಡಿದರು.

"ಇಲ್ಲೇ ಕುಂತು ಪಾನಕ ಕುಡದು ಹೋದಿ. ಇದ ಸೀರಿ. ಎಷ್ಟು ನಗಾಕತ್ತಿದ್ದಿ ನೀ. ನೋಡಿ ನನ್ನ ಜೀವಕ್ಕ ಸಮಾಧಾನ ಆಗಿತ್ತು."

ಈ ಸಲ ಗಂಡ ನಗಲಿಲ್ಲ. ಅಕ್ಕಿಆಲೂರು ದಾಟಿದ ಮೇಲೆ ವೇಗ ಹೆಚ್ಚಿಸಿದರು. ಪ್ರತಿ ತಿರುವಿನಲ್ಲೂ ಎದುರಿಗೆ ಧೂಳು ಎದ್ದು ನಿಂತಿರುತ್ತಿತ್ತು, ಗಾಡಿ ಮಾತ್ರ ಕಾಣುತ್ತಿರಲಿಲ್ಲ. ನೆಲದ ಮೇಲೆ ಗಾಲಿಯ ಗುರುತು ಸ್ಪಷ್ಟವಾಗಿತ್ತು. ನಮ್ಮ ಹಿಂದಿನ ಗಾಲಿಗೆ ಗಂಡ ಸ್ವತಃ ಹಾಕಿದ್ದ ತೇಪೆಯ ಅಚ್ಚು ಕೂಡ ಅದರಲ್ಲಿತ್ತು.

ಮಾಸೂರಿನಲ್ಲಿ ಆ ಗುರುತು ರಸ್ತೆ ಬಿಟ್ಟು ಇಳಿಜಾರಿನಲ್ಲಿ ಸಾಗಿ ಕೆರೆಯ ನೀರಿನಲ್ಲಿ ಮುಗಿದಿತ್ತು. ಹೊರಗೆ ಬಂದ ಗುರುತಿರಲಿಲ್ಲ. ನೀರು ಅಲುಗಾಡುತ್ತಿರಲಿಲ್ಲ. ಹಿಂದಿನವರು ಬಂದು ಸೇರಿದ ಮೇಲೆ ಬೆಸ್ತರನ್ನು ಕರೆಸಿದರು. ಅವರು ಮುಳುಗಿ ಮುಳುಗಿ ನೋಡಿದರು; ಕೆಸರಿನ ಹೊರತು ಏನೂ ಸಿಗಲಿಲ್ಲ. ರೊಟ್ಟಿ ಬುತ್ತಿ ಬಿಚ್ಚಿದರೂ ಯಾರೂ ಉಣ್ಣಲಿಲ್ಲ.

ಎಲ್ಲರೂ ಹೆದರಿದ್ದರು. ನನಗೆ ಆದದ್ದು ಹೆದರಿಕೆಯಲ್ಲ. ನಮಗಿಂತ ಮುಂದೆ ಹೋದ ಆಕೆ ಯಾಕೆ ನಗುತ್ತಿದ್ದಳು, ಅವಳ ಮಡಿಲಲ್ಲಿ ಏನಿತ್ತು ಎಂದು ನೋಡಬೇಕೆನಿಸಿತು. ಯಾವಾಗ ಎದ್ದೆನೋ ತಿಳಿಯದು, ನೀರು ಮೊಣಕಾಲಿಗೆ ಬಂದಿತ್ತು. ಗಂಡ ಓಡಿಬಂದು ರಟ್ಟೆ ಹಿಡಿದರು.

"ಬ್ಯಾಡ. ಆಕಿ ಹೋಗ್ಲಿ. ನೀ ನನ್ನ ಕೂಡ ಮನಿಗೆ ನಡಿ."

ಕೂಸು ಹೋದಾಗಲೂ ಅಳದವರು ಅಲ್ಲಿ ಅತ್ತರು. ವಾಪಸು ಬರುವಾಗ ಹಿರೇಕೆರೂರಿನ ತನಕ ಇಬ್ಬರೂ ಅಳುತ್ತಲೇ ಬಂದೆವು. ಆ ಕೂಸಿಗೆ ಇಡಬೇಕೆಂದುಕೊಂಡಿದ್ದ ಹೆಸರನ್ನು ಅವರು ಅಂದು ಮೊದಲ ಸಲ ನನಗೆ ಹೇಳಿದರು.